ನಕ್ಷೆಯ ಮೇಲೆ ಬೆರಳಿಟ್ಟು ನೋಡಿ: ಎಲ್ಲ ಮಕ್ಕಳಿಗೂ ಒದಗುವ ಶಾಲೆಯ ವಿನ್ಯಾಸ

ಈ ಪಾಠ ಓದಲು ಕೂತವರೆಲ್ಲ ಮೊದಲು ಮಾಡುವುದು ಅಳತೆಗಳನ್ನು ಬಾಯಿಪಾಠ ಮಾಡುವ ಕೆಲಸ. ನಾನೂ ಅದನ್ನೇ ಮಾಡಿದೆ. ರ‍್ಯಾಂಪ್ ಇಳಿಜಾರು 1:12, ಬಾಗಿಲು 900 ಮಿ.ಮೀ., ವೀಲ್‌ಚೇರ್ ತಿರುಗಲು 1500 ಮಿ.ಮೀ. ಎಲ್ಲ ತಲೆಯಲ್ಲಿತ್ತು. ಆಮೇಲೆ ಒಂದು ಶಾಲೆಯ ನಕ್ಷೆ ಬಿಡಿಸಿ ಮೇಷ್ಟ್ರ ಮುಂದೆ ಇಟ್ಟೆ. ಅವರು ಅಳತೆ ಕೇಳಲೇ ಇಲ್ಲ. "ಈ ಮಗು ಗೇಟಿನಿಂದ ಒಳಗೆ ಬಂತು ಸರಿ, ಈಗ ಶೌಚಾಲಯಕ್ಕೆ ಹೋಗಬೇಕು. ಬೆರಳಿಟ್ಟು ದಾರಿ ತೋರಿಸು" ಅಂದರು. ತೋರಿಸುತ್ತಾ ಹೋದೆ. ಅಂಗಳ ದಾಟುವಾಗ ಎರಡು ಮೆಟ್ಟಿಲು ಸಿಕ್ಕವು. ಚೆಂದ ಕಾಣಲಿ ಅಂತ ನಾನೇ ಹಾಕಿದ್ದ ಮೆಟ್ಟಿಲು!

ಅವತ್ತಿನಿಂದ ನಾನು ಈ ವಿಷಯ ಓದುವುದು ಹೀಗೇ. ಒಂದು ಮಗುವನ್ನು ಮನಸ್ಸಿಗೆ ತಂದುಕೊಂಡು, ಅದರ ಇಡೀ ದಿನವನ್ನು ನಕ್ಷೆಯ ಮೇಲೆ ಬೆರಳಿನಲ್ಲಿ ನಡೆಸುವುದು. ಗೇಟು, ತರಗತಿ, ಬೋರ್ಡು, ನೀರು, ಶೌಚ, ಊಟ, ಆಟ, ಮತ್ತೆ ಗೇಟು. ಇದು ಸರಪಳಿ ಇದ್ದ ಹಾಗೆ. ಒಂದು ಕೊಂಡಿ ಕಳಚಿದರೂ ಉಳಿದದ್ದೆಲ್ಲ ದಂಡ.

ಮೊದಲು ಪದಗಳ ಗೊಂದಲ

ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಇಲ್ಲೇ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಂದು ಒಡಂಬಡಿಕೆ ಮಾಡಿತು. ಅದರ 24ನೇ ವಿಧಿ ಶಿಕ್ಷಣದ್ದು. ಆ ವಿಧಿಯನ್ನು ಬಿಡಿಸಿ ಹೇಳಲು 2016ರಲ್ಲಿ ಒಂದು ವಿವರಣೆ ಬಂತು, ಅದರಲ್ಲಿ ನಾಲ್ಕು ಸ್ಥಿತಿಗಳನ್ನು ಬೇರೆ ಬೇರೆ ಮಾಡಿ ತೋರಿಸಿದ್ದಾರೆ. ಮಗುವನ್ನು ಶಾಲೆಗೇ ಸೇರಿಸದಿದ್ದರೆ ಅದು ಹೊರಗಿಡುವುದು. ಬೇರೆ ಶಾಲೆಗೋ ಬೇರೆ ಕೋಣೆಗೋ ಕಳಿಸಿದರೆ ಪ್ರತ್ಯೇಕಿಸುವುದು. ಎಲ್ಲರ ಜೊತೆ ಕೂರಿಸಿ, "ನೀನೇ ಹೊಂದಿಕೋ" ಅಂದರೆ ಅದು ಬರೀ ಸೇರಿಸುವುದು. ಶಾಲೆಯೇ ತನ್ನ ಕಟ್ಟಡ, ಪಾಠ, ರೀತಿನೀತಿ ಬದಲಿಸಿಕೊಂಡರೆ ಮಾತ್ರ ಒಳಗೊಳ್ಳುವುದು. ಕೊನೆಯ ಎರಡರ ನಡುವಿನ ಗೆರೆ ತುಂಬ ತೆಳು, ಮತ್ತು ನಮ್ಮ ಕಣ್ಣಿಗೆ ಬೀಳುವ ಎಷ್ಟೋ "ಒಳಗೊಳ್ಳುವ ಶಾಲೆ"ಗಳು ನಿಜಕ್ಕೂ ಮೂರನೆಯ ಬಗೆಯವು ಅಂತ ನನಗನ್ನಿಸುತ್ತದೆ.

ಇನ್ನೊಂದು ಜೋಡಿ ಪದ: ಸಾರ್ವತ್ರಿಕ ವಿನ್ಯಾಸ ಮತ್ತು ಸೂಕ್ತ ಹೊಂದಾಣಿಕೆ. ಮೊದಲನೆಯದು ಯಾವ ಮಗು ಬರುತ್ತದೆ ಅಂತ ಗೊತ್ತಾಗುವ ಮುಂಚೆಯೇ ಮಾಡಿಡುವುದು. ಎರಡನೆಯದು ಒಂದು ಮಗು ಬಂದ ಮೇಲೆ ಅದಕ್ಕೆ ಬೇಕಾದದ್ದನ್ನು ಒದಗಿಸುವುದು, ಉದಾಹರಣೆಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ. ಒಂದಿದ್ದರೆ ಇನ್ನೊಂದು ಬೇಡ ಅಂತಲ್ಲ. ಎರಡೂ ಬೇಕು.

ಸಾರ್ವತ್ರಿಕ ವಿನ್ಯಾಸ ಅನ್ನುವ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್. ಚಿಕ್ಕಂದಿನಲ್ಲೇ ಪೋಲಿಯೊ ಬಂದು ವೀಲ್‌ಚೇರ್ ಬಳಸುತ್ತಿದ್ದವರು, ಕಾಲೇಜಿನಲ್ಲಿ ಅವರನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಬೇಕಾಗುತ್ತಿತ್ತು. 1997ರಲ್ಲಿ ಅವರೂ ಜೊತೆಗಾರರೂ ಸೇರಿ ಏಳು ತತ್ವಗಳನ್ನು ಬರೆದರು. ಏಳನ್ನೂ ಇಲ್ಲಿ ಬರೆಯುವುದಿಲ್ಲ, ಎಲ್ಲ ಕಡೆ ಸಿಗುತ್ತವೆ. ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ: ಎಲ್ಲರಿಗೂ ಸಮಾನ ಬಳಕೆ. ಮುಂಬಾಗಿಲಿಗೆ ಮೆಟ್ಟಿಲಿಟ್ಟು, ಹಿಂಬದಿಯ ಅಡುಗೆಮನೆ ಪಕ್ಕ ರ‍್ಯಾಂಪ್ ಇಟ್ಟರೆ ಅಳತೆ ಸರಿ ಇರಬಹುದು. ಆದರೆ ಗೆಳೆಯರೆಲ್ಲ ಮುಂದಿನಿಂದ ಓಡಿ ಹೋಗುವಾಗ ಒಂದು ಮಗು ಮಾತ್ರ ಸುತ್ತಿ ಬಳಸಿ ಬರಬೇಕು. ಅದು ಸಮಾನ ಬಳಕೆ ಹೇಗಾಗುತ್ತದೆ?

ರ‍್ಯಾಂಪ್: ಒಂದು ಲೆಕ್ಕ ಕೈಯಾರೆ ಮಾಡೋಣ

1:12 ಅಂದರೆ 12 ಡಿಗ್ರಿ ಅಲ್ಲ. ನಗಬೇಡಿ, ನಮ್ಮ ಬ್ಯಾಚಿನಲ್ಲಿ ಇಬ್ಬರು ಹಾಗೆ ಬರೆದಿದ್ದರು. ಒಂದು ಅಳತೆ ಮೇಲೇರಲು ಹನ್ನೆರಡು ಅಳತೆ ಉದ್ದ ಬೇಕು ಅಂತ ಅದರ ಅರ್ಥ, ಡಿಗ್ರಿಯಲ್ಲಿ ಹೇಳಿದರೆ ಐದಕ್ಕಿಂತ ಸ್ವಲ್ಪ ಕಡಿಮೆ. 12 ಡಿಗ್ರಿ ಮಾಡಿದರೆ ಹೆಚ್ಚುಕಡಿಮೆ 1:4.7 ಆಗುತ್ತದೆ, ಅದು ಜಾರುಬಂಡಿ.

ಈಗ ನೆಲದಿಂದ ಒಳಗಿನ ಮಟ್ಟ 450 ಮಿ.ಮೀ. ಎತ್ತರ ಇದೆ ಅಂದುಕೊಳ್ಳಿ. 450 × 12 = 5400. ಅಂದರೆ 5.4 ಮೀಟರ್ ಇಳಿಜಾರು. ಮೇಲೆ ಕೆಳಗೆ ಒಂದೊಂದು ಸಮತಟ್ಟು ಜಾಗ, ತಲಾ 1.5 ಮೀಟರ್. ಒಟ್ಟು 8.4 ಮೀಟರ್. ಅದೇ ಕಟ್ಟಡವನ್ನು 900 ಮಿ.ಮೀ. ಎತ್ತರಿಸಿದರೆ? ಇಳಿಜಾರೇ 10.8 ಮೀಟರ್. ಜೊತೆಗೆ ಅಮೆರಿಕದ ಮಾನದಂಡದ ಪ್ರಕಾರ ಒಂದೇ ಓಟದಲ್ಲಿ ಸುಮಾರು 760 ಮಿ.ಮೀ.ಗಿಂತ ಜಾಸ್ತಿ ಏರಿಸುವಂತಿಲ್ಲ, ಹಾಗಾಗಿ ನಡುವೆ ಇನ್ನೊಂದು ಸಮತಟ್ಟು. ಒಟ್ಟು 15.3 ಮೀಟರ್. ಕಡಿಮೆ ಜಾಗದ ಶಾಲೆಯಲ್ಲಿ ಇಷ್ಟು ಉದ್ದ ಎಲ್ಲಿ ಸಿಗುತ್ತದೆ? ಸಿಗದೆ ಹೋದಾಗ ಏನು ಮಾಡುತ್ತಾರೆ ಗೊತ್ತಲ್ಲ, ರ‍್ಯಾಂಪನ್ನೇ ಕಡಿದಾಗಿಸುತ್ತಾರೆ.

ಹಾಗಾಗಿ ಜಾಣತನ ಇರುವುದು ರ‍್ಯಾಂಪಿನಲ್ಲಲ್ಲ, ಕಟ್ಟಡದ ಮಟ್ಟ ಗೊತ್ತು ಮಾಡುವ ದಿನದಲ್ಲಿ. ಮಳೆನೀರು ಹರಿದುಹೋಗಲು ಬೇರೆ ದಾರಿ ಮಾಡಿ, ಮಟ್ಟ ತಗ್ಗಿಸಿ, ಅಂಗಳವನ್ನೇ ಮೆಲ್ಲಗೆ ಏರಿಸಿ. 1:20 ಅಥವಾ ಅದಕ್ಕಿಂತ ನಿಧಾನದ ಇಳಿಜಾರಾದರೆ ಅಮೆರಿಕದ ಆ ಮಾನದಂಡ ಅದನ್ನು ರ‍್ಯಾಂಪ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಬರೀ ನಡೆಯುವ ದಾರಿ. ಎಲ್ಲ ಮಕ್ಕಳೂ ಅದರಲ್ಲೇ ಹೋಗುತ್ತಾರೆ.

ಒಂದು ಮಾತು ಬಿಟ್ಟುಹೋಗಬಾರದು. ಊರುಗೋಲು ಬಳಸುವ ಕೆಲವರಿಗೆ ರ‍್ಯಾಂಪಿಗಿಂತ ಹಿಡಿಕಂಬಿ ಇರುವ ಮೆಟ್ಟಿಲೇ ಹಿತ. ರ‍್ಯಾಂಪ್ ಹಾಕಿದ್ದೇವೆ ಅಂತ ಮೆಟ್ಟಿಲು ತೆಗೆಯಬೇಡಿ. ಎರಡೂ ಅಕ್ಕಪಕ್ಕ ಇರಲಿ, ಕಂಬಿ ಎರಡು ಎತ್ತರದಲ್ಲಿರಲಿ, ಒಂದು ದೊಡ್ಡವರಿಗೆ, ಒಂದು ಚಿಕ್ಕವರಿಗೆ.

ಶೌಚಾಲಯ

ಇದಕ್ಕೆ ಪಠ್ಯದಲ್ಲಿ ಅರ್ಧ ಪುಟ. ನನ್ನನ್ನು ಕೇಳಿದರೆ ಇಡೀ ವಿಷಯದ ಜೀವ ಇಲ್ಲೇ ಇದೆ. ಬಳಸಲು ಬರುವ ಶೌಚಾಲಯ ಇಲ್ಲದಿದ್ದರೆ ಮಗು ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಪಾಠದ ಮೇಲೆ ಗಮನ ಇಲ್ಲ. ದೊಡ್ಡ ಹುಡುಗಿಯರಾದರೆ ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುವುದಿಲ್ಲ.

ಬೆರಳಿಟ್ಟು ನಡೆಸೋಣ. ಮಗು ವೀಲ್‌ಚೇರಿನಲ್ಲಿ ಬಾಗಿಲ ಮುಂದೆ ಬಂತು. ಬಾಗಿಲು ಒಳಕ್ಕೆ ತೆರೆದರೆ, ಒಳಗೆ ಹೋದ ಮೇಲೆ ಮುಚ್ಚುವುದು ಹೇಗೆ? ಕುರ್ಚಿಯೇ ಅಡ್ಡ. ಒಳಗೆ ಬಿದ್ದರಂತೂ ಹೊರಗಿನವರು ಬಾಗಿಲು ತಳ್ಳಲೂ ಆಗುವುದಿಲ್ಲ. ಆದ್ದರಿಂದ ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಚಿಲಕ ಮುಷ್ಟಿಯಿಂದ ತಳ್ಳಿದರೂ ಬೀಳುವಂತಿರಲಿ, ಬೆರಳು ಹಿಡಿತ ಇಲ್ಲದ ಮಕ್ಕಳೂ ಇದ್ದಾರೆ. ಕಮೋಡಿನ ಪಕ್ಕ ಕುರ್ಚಿ ನಿಲ್ಲಿಸಲು ಖಾಲಿ ಜಾಗ ಬೇಕು, ಅಲ್ಲಿಂದ ಇಲ್ಲಿಗೆ ಜರುಗಲು ಗಟ್ಟಿ ಹಿಡಿಕಂಬಿ ಬೇಕು. ಸುಮ್ನೆ ಟೈಲಿಗೆ ಅಂಟಿಸಿದ ಕಂಬಿ ಅಲ್ಲ, ಇಡೀ ಮೈಭಾರ ಅದರ ಮೇಲೆ ಬೀಳುತ್ತದೆ. ಕೈ ತೊಳೆಯುವ ಬೇಸಿನ್ ಕೆಳಗೆ ಮೊಣಕಾಲು ಹೋಗಬೇಕು. ಸಹಾಯಕ್ಕೆ ಕರೆಯುವ ದಾರ ನೆಲದ ತನಕ ಇಳಿದಿರಬೇಕು, ಯಾಕೆಂದರೆ ಅದು ಬೇಕಾಗುವುದು ನೆಲದ ಮೇಲೆ ಬಿದ್ದಾಗ.

ಇಷ್ಟೆಲ್ಲ ಮಾಡಿ ಆಮೇಲೆ ಆ ಕೋಣೆಯಲ್ಲಿ ಪೊರಕೆ, ಬಕೆಟ್, ಮುರಿದ ಬೆಂಚು ತುಂಬಿ ಬೀಗ ಹಾಕಿರುವುದನ್ನು ನೋಡಿದ್ದೇನೆ. ನಕ್ಷೆಯಲ್ಲಿ ಸಾಮಾನು ಇಡುವ ಕೋಣೆ ಬೇರೆ ಕೊಡದಿದ್ದರೆ ಹೀಗಾಗುವುದೇ. ಅದೂ ವಿನ್ಯಾಸದ ತಪ್ಪೇ ಅಂತ ಬರೆಯಿರಿ.

ಕಿವಿಗೆ ಬೀಳುವ ಶಾಲೆ

ಪ್ರವೇಶ ಸೌಲಭ್ಯ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ವೀಲ್‌ಚೇರ್. ಸದ್ದಿನ ವಿಷಯ ಯಾರಿಗೂ ನೆನಪಾಗುವುದಿಲ್ಲ, ಕಾಣುವುದಿಲ್ಲವಲ್ಲ. ಕನ್ನಡದಲ್ಲಿ ಕಲ್ಲು, ಹಲ್ಲು, ಎರಡೂ ಪದ ಹೇಳಿ ನೋಡಿ. ವ್ಯತ್ಯಾಸ ಇರುವುದು ಮೊದಲ ವ್ಯಂಜನದಲ್ಲಿ ಮಾತ್ರ. ಸ್ವರಗಳಿಗೆ ಬಲ ಜಾಸ್ತಿ, ವ್ಯಂಜನಗಳಿಗೆ ಕಡಿಮೆ. ಕೋಣೆಯಲ್ಲಿ ಸದ್ದು ಗೋಡೆಗೆ ಬಡಿದು ಎಳೆದಾಡುತ್ತಿದ್ದರೆ ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಮಗುವಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಅಮೆರಿಕದ ತರಗತಿ ಮಾನದಂಡದಲ್ಲಿ ಸಾಮಾನ್ಯ ಗಾತ್ರದ ಖಾಲಿ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು, ಸದ್ದು ಇಂಗುವ ಸಮಯ 0.6 ಸೆಕೆಂಡ್ ಮೀರಬಾರದು ಅಂತಿದೆ. ಮೇಷ್ಟ್ರ ದನಿ ಸುತ್ತಲ ಗದ್ದಲಕ್ಕಿಂತ 15 ಡೆಸಿಬೆಲ್ ಆದರೂ ಮೇಲಿರಬೇಕು ಅನ್ನುವುದು ಗುರಿ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 65 ಇದ್ದದ್ದು ನಾಲ್ಕು ಮೀಟರಿನಲ್ಲಿ 53. ಕೋಣೆಯೊಳಗೆ ಇಳಿತ ಇಷ್ಟು ಇರುವುದಿಲ್ಲ, ಆದರೆ ಅಂದಾಜಿಗೆ ಸಾಕು. ಫ್ಯಾನು, ರಸ್ತೆ, ಪಕ್ಕದ ತರಗತಿ ಸೇರಿ ಗದ್ದಲವೇ 50 ಇದ್ದರೆ ಹಿಂದಿನ ಬೆಂಚಿನವರ ಗತಿ ಏನು? ಶ್ರವಣ ಯಂತ್ರ ಹಾಕಿದರೂ ಪೂರ್ತಿ ಬಗೆಹರಿಯುವುದಿಲ್ಲ, ಅದು ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಸದ್ದು ಹೀರುವ ಛಾವಣಿ, ಹಿಂಬದಿಯ ಗೋಡೆಗೆ ಮೆದು ಹೊದಿಕೆ, ಕುರ್ಚಿ ಕಾಲಿಗೆ ರಬ್ಬರ್. ಇದರಿಂದ ಆ ಒಂದು ಮಗುವಿಗಷ್ಟೇ ಅಲ್ಲ, ಮನೆಮಾತು ಬೇರೆ ಇರುವ ಮಗುವಿಗೂ ಅನುಕೂಲ, ಮೇಷ್ಟ್ರ ಗಂಟಲಿಗೂ ಅನುಕೂಲ.

ಸನ್ನೆ ಭಾಷೆಯ ಮಕ್ಕಳ ಲೆಕ್ಕವೇ ಬೇರೆ. ವಾಷಿಂಗ್ಟನ್‌ನಲ್ಲಿ ಕಿವುಡರಿಗಾಗಿ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸೆಲ್ ಬೌಮನ್ ಅನ್ನುವ ವಾಸ್ತುಶಿಲ್ಪಿ 2005ರಿಂದ ಕಿವುಡರ ಜೊತೆ ಕೂತು ಡೆಫ್‌ಸ್ಪೇಸ್ ಅನ್ನುವ ವಿನ್ಯಾಸದ ಚಿಂತನೆ ಬೆಳೆಸಿದರು. ಇಬ್ಬರು ಸನ್ನೆಯಲ್ಲಿ ಮಾತಾಡುತ್ತಾ ನಡೆಯಬೇಕಾದರೆ ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕು, ಅದಕ್ಕೆ ಅಗಲ ಜಾಸ್ತಿ ಬೇಕು. ಬೆಂಚುಗಳು ಸಾಲಾಗಿದ್ದರೆ ಮುಂದಿನವರ ಬೆನ್ನೇ ಕಾಣುತ್ತದೆ, ಅರ್ಧವೃತ್ತದಲ್ಲಿ ಇದ್ದರೆ ಎಲ್ಲರ ಕೈ, ಮುಖ ಕಾಣುತ್ತದೆ. ಮೇಷ್ಟ್ರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ, ತುಟಿ ಓದುವವರಿಗೆ ಏನೂ ಕಾಣುವುದಿಲ್ಲ. ಬೋರ್ಡು ಯಾವ ಗೋಡೆಗೆ ಅನ್ನುವ ತೀರ್ಮಾನದಲ್ಲೇ ಇದು ಅಡಗಿದೆ.

ಕೈಗೆ, ಕೋಲಿಗೆ, ಮಸುಕು ಕಣ್ಣಿಗೆ

ನೆಲದ ಮೇಲಿನ ಉಬ್ಬು ಪಟ್ಟಿಗಳನ್ನು ನೋಡಿರುತ್ತೀರಿ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ್ದು, 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ ಮುಂದೆ ಹೋಗು, ಚುಕ್ಕಿ ಇದ್ದರೆ ನಿಲ್ಲು. ಇದು ತಪ್ಪಾದರೆ ಇಲ್ಲದಿರುವುದಕ್ಕಿಂತ ಅಪಾಯ. ಮೆಟ್ಟಿಲ ತುದಿಗೆ ಚುಕ್ಕಿಯ ಬದಲು ಗೆರೆ ಹಾಕಿದರೆ ಏನಾದೀತು, ಯೋಚಿಸಿ.

ಕಣ್ಣು ಕಾಣದವರ ಕೈಯ ಕೋಲು ನೆಲದಲ್ಲಿರುವುದನ್ನು ಹೇಳುತ್ತದೆ, ಎದೆಮಟ್ಟದಲ್ಲಿ ಚಾಚಿಕೊಂಡಿರುವುದನ್ನು ಹೇಳುವುದಿಲ್ಲ. ಕಾರಿಡಾರಿಗೆ ತೆರೆದುಕೊಳ್ಳುವ ಕಿಟಕಿ ಬಾಗಿಲು, ಗೋಡೆಯ ಬೆಂಕಿ ನಂದಿಸುವ ಡಬ್ಬ, ಮೆಟ್ಟಿಲ ಕೆಳಗಿನ ತಗ್ಗು ಜಾಗ, ಮೂರೂ ಹಣೆ ಒಡೆಯುವಂಥವು. ಮಂದದೃಷ್ಟಿಯ ಮಕ್ಕಳು ಸಂಖ್ಯೆಯಲ್ಲಿ ಪೂರ್ತಿ ಕಾಣದವರಿಗಿಂತ ಜಾಸ್ತಿ, ಅವರಿಗೆ ಬೇಕಾದದ್ದು ಬಣ್ಣದ ಎದ್ದುಕಾಣುವಿಕೆ. ಬಿಳಿ ಗೋಡೆಗೆ ಬಿಳಿ ಬಾಗಿಲು, ಹೊಳೆಯುವ ಬಿಳಿ ಟೈಲು ಹಾಕಿದರೆ ಅವರಿಗೆ ಎಲ್ಲ ಒಂದೇ ಮಂಜು.

ಬ್ರೈಲ್ ಕತೆಯಲ್ಲಿ ವಿನ್ಯಾಸದ ಪಾಠ ಇದೆ. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಮೊದಲು ಇದ್ದದ್ದು ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ಪುಸ್ತಕ. ಅದು ಕಣ್ಣಿದ್ದವರ ಯೋಚನೆ. ಬೆರಳಿಗೆ ಅದು ತುಂಬ ನಿಧಾನ. ಅದೇ ಶಾಲೆಯ ಹುಡುಗ ಲೂಯಿ ಬ್ರೈಲ್ 1824ರ ಹೊತ್ತಿಗೆ, ಹದಿನೈದನೇ ವಯಸ್ಸಿನಲ್ಲಿ, ಬೆರಳ ತುದಿಗೆ ಒಗ್ಗುವ ಚುಕ್ಕಿಗಳನ್ನು ಹೊಂದಿಸಿದ. ನಕ್ಷೆ ಮುಗಿಸುವ ಮುಂಚೆ ಬಳಸುವವರನ್ನು ಕೇಳಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಗ್ಲಾಸ್ಗೋದ ಹೇಜಲ್‌ವುಡ್ ಶಾಲೆಯನ್ನೂ ಓದಿ, 2007ರದ್ದು. ಅಲ್ಲಿ ಕಾರ್ಕ್ ಹೊದಿಸಿದ ಗೋಡೆಯನ್ನು ಕೈಯಿಂದ ಸವರುತ್ತಾ ಮಕ್ಕಳು ತಾವೇ ದಾರಿ ಹುಡುಕುತ್ತಾರೆ. ಅದು ವಿಶೇಷ ಶಾಲೆ, ಎಲ್ಲರ ಶಾಲೆ ಅಲ್ಲ. ಆದರೂ ಗೋಡೆಯ ಉಪಾಯವನ್ನು ಕಡ ತರಬಹುದು.

ತಲೆ ತುಂಬಿಹೋದಾಗ, ಮತ್ತು ಪಾಠದಲ್ಲಿ

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು, ಜನ ಜಾಸ್ತಿಯಾದರೆ ತಡೆದುಕೊಳ್ಳಲು ಆಗುವುದಿಲ್ಲ. ಅವರ ಶಾಲೆಗಳ ಬಗ್ಗೆ ಕೈರೋದ ವಾಸ್ತುಶಿಲ್ಪಿ ಮಗ್ದಾ ಮುಸ್ತಫಾ ಏಳು ಅಂಶಗಳ ಸೂಚಿ ಮಾಡಿದ್ದಾರೆ. ನನಗೆ ಹಿಡಿಸಿದ್ದು ಎರಡು. ಗದ್ದಲದ ಜಾಗದಿಂದ ಶಾಂತ ಜಾಗಕ್ಕೆ ಥಟ್ಟನೆ ನೂಕದೆ ನಡುವೆ ಒಂದು ಹದದ ಜಾಗ ಇಡುವುದು. ಇನ್ನೊಂದು, ಸುಧಾರಿಸಿಕೊಳ್ಳಲು ಒಂದು ಸಣ್ಣ ಮೂಲೆ. ಆ ಮೂಲೆ ಶಿಕ್ಷೆಯ ಕೋಣೆ ಆಗಬಾರದು. ಮಗು ತಾನಾಗಿ ಹೋಗಿ ತಾನಾಗಿ ಬರಬೇಕು.

ಪಾಠದ ಕಡೆಗೆ ಬಂದರೆ, ಕಾಸ್ಟ್ ಅನ್ನುವ ಅಮೆರಿಕದ ಸಂಸ್ಥೆಯ ಚೌಕಟ್ಟು ಮೂರು ಮಾತು ಹೇಳುತ್ತದೆ: ಆಸಕ್ತಿ ಹುಟ್ಟಿಸಲು ಹಲವು ದಾರಿ, ವಿಷಯ ತೋರಿಸಲು ಹಲವು ದಾರಿ, ಕಲಿತದ್ದನ್ನು ಹೇಳಲು ಹಲವು ದಾರಿ. ಕಟ್ಟಡಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಬೋರ್ಡಿನ ಮುಂದಿನ ಒಂದು ಮೆಟ್ಟಿಲಿನ ಕಟ್ಟೆ ನೋಡಿ. ಅದಿದ್ದರೆ ವೀಲ್‌ಚೇರಿನ ಮಗು ಯಾವತ್ತೂ ಬೋರ್ಡಿನ ಮೇಲೆ ಲೆಕ್ಕ ಬಿಡಿಸುವುದಿಲ್ಲ. ಸಭಾಂಗಣದ ವೇದಿಕೆಗೆ ರ‍್ಯಾಂಪ್ ಇಲ್ಲದಿದ್ದರೆ ಎಲ್ಲರೂ ಬಹುಮಾನ ತಗೊಳ್ಳುವುದು ಮೇಲೆ, ಈ ಮಗು ಕೆಳಗೆ. ಪ್ರೇಕ್ಷಕರ ಸಾಲಿಗೆ ದಾರಿ ಮಾಡಿ, ವೇದಿಕೆ ಮರೆತ ನಕ್ಷೆಗಳೇ ಜಾಸ್ತಿ.

ಬೆಂಕಿ ಬಿದ್ದರೆ

ಒಳಗೆ ಬರುವುದನ್ನೇ ಓದಿ, ಹೊರಗೆ ಹೋಗುವುದನ್ನು ಬಿಟ್ಟುಬಿಡುತ್ತೇವೆ. ಬೆಂಕಿ ಬಿದ್ದಾಗ ಮಾಮೂಲಿ ಲಿಫ್ಟ್ ಬಳಸುವಂತಿಲ್ಲ. ಹಾಗಿದ್ದರೆ ಎರಡನೇ ಮಹಡಿಯ ಮಗು? ಮೆಟ್ಟಿಲ ಪಕ್ಕ ಬೆಂಕಿ ತಡೆಯುವ ಗೋಡೆಯೊಳಗೆ ಕಾಯುವ ಜಾಗ, ಅಲ್ಲಿಂದ ಮಾತಾಡಲು ಸಾಧನ, ಇಳಿಸಲು ವಿಶೇಷ ಕುರ್ಚಿ, ಅದನ್ನು ಬಳಸಲು ಕಲಿತ ಇಬ್ಬರು ದೊಡ್ಡವರು. ಗಂಟೆಯ ಜೊತೆ ಮಿನುಗುವ ದೀಪವೂ ಬೇಕು, ಶೌಚಾಲಯದ ಒಳಗೂ ಬೇಕು, ಕಿವಿ ಕೇಳದ ಮಗು ಅಲ್ಲಿ ಒಬ್ಬಂಟಿ. ಅಣಕು ಅಭ್ಯಾಸದ ದಿನ ಈ ಮಕ್ಕಳನ್ನು "ನೀವು ಇಲ್ಲೇ ಕೂತಿರಿ" ಅಂತ ತರಗತಿಯಲ್ಲೇ ಬಿಡುವುದುಂಟು. ಅಲ್ಲಿಗೆ ಕುರ್ಚಿಯ ಪಟ್ಟಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಇಳಿಸಲು ಎಷ್ಟು ನಿಮಿಷ ಬೇಕು ಅನ್ನುವುದು ಯಾರಿಗೂ ಗೊತ್ತಾಗುವುದೇ ಇಲ್ಲ.