ಮೆಣಸಿನ ಬಳ್ಳಿ ಮರದ ರಸ ಹೀರುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಬಳ್ಳಿ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ತೊಗಟೆಗೆ ಅಂಟಿಕೊಂಡಿದೆ. ಅದು ರಸ ಹೀರಿ ಮರವನ್ನು ಸೊರಗಿಸುತ್ತದೆ ಅಂತಾರೆ. ನಿಜವೇ?

ಉತ್ತರ: ಇಲ್ಲ. ಆ ಬೇರುಗಳ ಕೆಲಸ ಹಿಡಿದುಕೊಳ್ಳುವುದು. ಒಂದು ಕಡೆ ಬಳ್ಳಿ ಬಿಡಿಸಿ ನೋಡಿ, ಅವು ತೊಗಟೆಯ ಮೇಲೆಯೇ ಇರುತ್ತವೆ, ಒಳಗಿನ ಮರಕ್ಕೆ ಇಳಿದಿರುವುದಿಲ್ಲ. ಸಿಮೆಂಟ್ ಕಂಬಕ್ಕೆ ಮೆಣಸು ಹಬ್ಬಿಸಿ ಫಸಲು ತೆಗೆಯುವವರಿದ್ದಾರೆ. ಕಂಬದಲ್ಲಿ ಯಾವ ರಸ ಇರುತ್ತದೆ? ಬಳ್ಳಿಯ ಊಟವೆಲ್ಲ ಬುಡದ ಮಣ್ಣಿನಿಂದ. ಅಲ್ಲಿ ಮಾತ್ರ ಮರ, ಬಳ್ಳಿ, ಕಾಫಿ ಮೂರಕ್ಕೂ ನೀರು ಗೊಬ್ಬರಕ್ಕೆ ಪೈಪೋಟಿ ಇದ್ದೇ ಇದೆ. ಮರ ಸೊರಗಿದ್ದರೆ ಮೊದಲು ಬುಡ ನೋಡಿ.

ಮೆಣಸು ಮೂಲತಃ ಪಶ್ಚಿಮಘಟ್ಟದ ಕಾಡಿನ ಬಳ್ಳಿ. ದಪ್ಪ ಕಾಂಡ ಬೆಳೆಸಿಕೊಳ್ಳದೆ, ಇನ್ನೊಂದು ಮರದ ಆಸರೆಯಲ್ಲೇ ಬೆಳಕಿನತ್ತ ಏರುವುದು ಅದರ ದಾರಿ. ಅದಕ್ಕಾಗಿ ಎರಡು ಬಗೆಯ ರೆಂಬೆ ಇಟ್ಟುಕೊಂಡಿದೆ. ನೆಟ್ಟಗೆ ಏರುವ ಬಳ್ಳಿ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಅಡ್ಡ ಹೊರಡುವ ರೆಂಬೆಗೆ ಅಂಟುಬೇರು ಇಲ್ಲ, ಕಾಳಿನ ಗೊನೆ ಬಿಡುವುದು ಅದೇ. ಈ ಅಡ್ಡರೆಂಬೆಯನ್ನು ಬೇರು ಬರಿಸಿ ನೆಟ್ಟರೆ ಗಿಡ ಮರ ಹತ್ತುವುದಿಲ್ಲ, ಪೊದೆಯಾಗಿಯೇ ನಿಲ್ಲುತ್ತದೆ. ಕುಂಡದಲ್ಲಿ ಬೆಳೆಸುವ ಪೊದೆ ಮೆಣಸು ಹೀಗೇ ಆಗಿದ್ದು. ಮೆಣಸಿನಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು.

ಮರದ ಮೇಲೆ ಕೂತ ಸೀತಾಳೆಯೂ (ಆರ್ಕಿಡ್) ರಸ ಹೀರುವುದಿಲ್ಲ. ಅದಕ್ಕೆ ಮಣ್ಣೇ ಇಲ್ಲವಲ್ಲ, ಮಳೆ ನೀರೇ ಗತಿ. ತೊಗಟೆ ಬೇಗ ಒಣಗಿಬಿಡುತ್ತದೆ. ಹಾಗಾಗಿ ಬೇರಿನ ಸುತ್ತ ಬಿಳಿ ಸ್ಪಂಜಿನಂಥ ಪದರ ಇದೆ. ಮಳೆ ಬಿದ್ದ ಕೂಡಲೇ ಅದು ನೀರು ಹಿಡಿಯುತ್ತದೆ, ಒದ್ದೆಯಾದಾಗ ಒಳಗಿನ ಹಸಿರು ಕಾಣುತ್ತದೆ. ದಪ್ಪ ಎಲೆಗಳು ಆ ನೀರನ್ನು ಉಳಿಸಿಕೊಳ್ಳುತ್ತವೆ.

ನಿಜವಾಗಿ ಹೀರುವುದು ಬಂದಳಿಕೆ. ಮಾವಿನ ಮರದಲ್ಲಿ ಜಾಸ್ತಿ ಕಾಣುತ್ತದೆ. ಎಲೆ ಹಸಿರಾಗಿದ್ದು ತನ್ನ ಆಹಾರ ತಾನೇ ಮಾಡಿಕೊಂಡರೂ, ನೀರು ಮತ್ತು ಲವಣಗಳನ್ನು ರೆಂಬೆಯೊಳಗೆ ಬೇರು ತೂರಿಸಿ ಎಳೆದುಕೊಳ್ಳುತ್ತದೆ. ಹಣ್ಣು ತಿಂದ ಬದನಿಕೆ ಹಕ್ಕಿ ಅದರ ಅಂಟು ಬೀಜವನ್ನು ಇನ್ನೊಂದು ರೆಂಬೆಗೆ ದಾಟಿಸುತ್ತದೆ. ಆದ್ದರಿಂದ ಹಣ್ಣಾಗುವ ಮುಂಚೆಯೇ ತೆಗೆಯಬೇಕು. ಸುಮ್ನೆ ಎಲೆ ಸವರಿದರೆ ಮತ್ತೆ ಚಿಗುರುತ್ತದೆ. ಅದು ಕೂಡಿಕೊಂಡ ಗಂಟಿಗಿಂತ ಕೆಳಗೆ, ಬುಡದ ಕಡೆಗೆ ಸರಿದು ರೆಂಬೆಯನ್ನೇ ಕತ್ತರಿಸಿ.