ಮಡಚಿದ ಎಲೆಯ ಗೆರೆ: ಸಸ್ಯಚಿತ್ರ ಕಲಿಯುವವರಿಗೆ ಟಿಪ್ಪಣಿ

ತೊಟ್ಟಿನಿಂದ ಶುರುಮಾಡುವುದು, ಹೂವನ್ನು ಮೊದಲು ವೃತ್ತಕ್ಕೋ ಬಟ್ಟಲಿನ ಆಕಾರಕ್ಕೋ ಇಳಿಸುವುದು, ತೆಳು ಗೆರೆಯ ಮೇಲೆ ದಪ್ಪ ಗೆರೆ ತಿದ್ದುವುದು ಎಲ್ಲರಿಗೂ ಬಂದಿದೆ. ಅದನ್ನು ಬಿಡುತ್ತೇನೆ. ಕೈ ನಿಲ್ಲುವುದು ಮಡಚಿದ ಎಲೆಯಲ್ಲಿ. ಹಾಗೆಂದು ಎಲ್ಲ ಎಲೆಗಳನ್ನೂ ಮುಖ ತೋರಿಸಿಯೇ ಬರೆದರೆ ಚಿತ್ರ ಪಿಯುಸಿ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಂತಾಗುತ್ತದೆ. ಒಂದೆರಡು ಎಲೆಯಾದರೂ ಮಗ್ಗುಲು ಹೊರಳಿರಬೇಕು.

ಅಭ್ಯಾಸಕ್ಕೆ ವೀಳ್ಯದೆಲೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ದೇವರಾಜ ಮಾರುಕಟ್ಟೆಯಿಂದ ಒಂದು ಕಟ್ಟು ತಂದರೆ ಸಾಕು. ಮೈಸೂರು ಚಿಗುರೆಲೆ ಮೆತ್ತಗಿರುತ್ತದೆ, ಹೇಳಿದ ಕಡೆ ಮಡಚಿಕೊಳ್ಳುತ್ತದೆ. ನರಗಳು ಬುಡದ ಹತ್ತಿರವೇ ಕವಲೊಡೆದು ತುದಿಯ ಕಡೆ ಬಾಗುತ್ತವೆ, ಹಿಂಬದಿಯಲ್ಲಿ ಉಬ್ಬಿರುತ್ತವೆ. (ಉಳಿದ ಎಲೆ ನಮ್ಮ ಮನೆಯಲ್ಲಿ ಅಜ್ಜಿಯ ಪಾಲು.)

ಎಲೆಯ ಬಲ ಅಂಚನ್ನು ನಡುನರದ ಕಡೆಗೆ ಮಡಚಿ ಮೇಜಿನ ಮೇಲಿಟ್ಟು ನೇರ ಮೇಲಿನಿಂದ ನೋಡಿ. ಈಗ ಬಲಗಡೆ ಕಾಣುವ ಹೊರಗೆರೆ ಎಲೆಯ ಅಂಚಲ್ಲ, ಮಡಿಕೆ. ನಿಜವಾದ ಅಂಚು ಒಳಗೆ, ಎಲೆಯ ಮುಖದ ಮೇಲೆ ಮಲಗಿದೆ. ಕಣ್ಣಿಗೆ ಎರಡೂ ಗೆರೆಗಳೇ, ಆದ್ದರಿಂದ ಕೈ ಎರಡನ್ನೂ ಒಂದೇ ರೀತಿ ಎಳೆದುಬಿಡುತ್ತದೆ. ಮಡಚಿದ ತುಂಡು ಎಲೆಯದೇ ಭಾಗ ಎನಿಸದೆ ಮೇಲೆ ಅಂಟಿಸಿದ ಬೇರೊಂದು ಎಲೆಯಂತೆ ಕಾಣುವುದು ಇದರಿಂದಲೇ.

ಬಗೆಹರಿದ ದಾರಿ ಇದು. ಎಲೆ ಮಡಚಿಯೇ ಇಲ್ಲವೆಂಬಂತೆ ಮೊದಲು ಪೂರ್ತಿ ಎಲೆಯನ್ನು ಎಚ್ ಪೆನ್ಸಿಲಿನಲ್ಲಿ ತೀರ ತೆಳುವಾಗಿ ಬರೆಯಬೇಕು, ನಡುನರವನ್ನೂ ಸೇರಿಸಿ. ಅದರ ಮೇಲೆ ಮಡಿಕೆಯ ಗೆರೆ ಎಳೆಯಬೇಕು. ಮಡಿಕೆಯಿಂದ ಹೊರಗೆ ಉಳಿದ ತುಂಡೇ ಒಳಕ್ಕೆ ಮಗುಚುವ ತುಂಡು. ಅದು ಹೊರಗೆ 2 ಸೆಂ.ಮೀ. ಚಾಚಿದ್ದರೆ ಒಳಗೂ 2 ಸೆಂ.ಮೀ. ಚಾಚಬೇಕು, ಅಂದರೆ ಮಡಿಕೆಯ ಎರಡೂ ಬದಿಗೆ ಕನ್ನಡಿಯ ಲೆಕ್ಕ. ಮಗುಚಿದ ತುಂಡನ್ನು ಅಂದಾಜಿನಲ್ಲಿ ಬರೆದಾಗ ಅದು ಯಾವಾಗಲೂ ಚಿಕ್ಕದಾಗುತ್ತದೆ. ಅಳೆದು ನೋಡಿ. ಓರೆಯಿಂದ ನೋಡುವಾಗ ಈ ಅಗಲ ಕುಗ್ಗುತ್ತದೆ ನಿಜ, ಆದರೆ ಮೊದಲು ಮೇಲಿನಿಂದ ನೋಡಿ ಕಲಿಯುವುದು ಮೇಲು.

ಇನ್ನು ನರಗಳು. ನರ ಮಡಿಕೆಗೆ ಬಂದು ನಿಲ್ಲುವುದಿಲ್ಲ. ಮಡಿಕೆಯನ್ನು ಮುಟ್ಟಿದ ಬಿಂದುವಿನಿಂದಲೇ, ಅದೇ ಕೋನದಲ್ಲಿ ಒಳಕ್ಕೆ ತಿರುಗಿ ಅಂಚಿನ ಕಡೆ ಹೋಗುತ್ತದೆ. ತುದಿಯನ್ನೇ ಮಡಚಿದಾಗ ನಡುನರಕ್ಕೂ ಇದೇ ನಿಯಮ. ಮಡಿಕೆ ಓರೆಯಾಗಿದ್ದರೆ ತುದಿ ಬುಡದ ಕಡೆ ನೋಡುವುದಿಲ್ಲ, ಪಕ್ಕಕ್ಕೆ ನೋಡುತ್ತದೆ. ಎರಡು ನರಗಳನ್ನು ಹೀಗೆ ದಾಟಿಸಿದರೆ ಸಾಕು, ನೆರಳು ಹಾಕದಿದ್ದರೂ ಎಲೆ ಮಡಚಿದ್ದು ಗೊತ್ತಾಗುತ್ತದೆ. ಎಲ್ಲ ನರಗಳನ್ನೂ ಬರೆಯುವ ಚಪಲ ಬೇಡ.

ಒತ್ತಿ ಮಡಚದೆ ಎಲೆ ತಾನಾಗಿ ಹೊರಳಿದ್ದರೆ ಒಂದು ವ್ಯತ್ಯಾಸವಿದೆ. ಒತ್ತಿದ ಮಡಿಕೆಯ ಎರಡು ಕೊನೆಗಳಲ್ಲಿ ಚೂಪು ಮೂಲೆ ಇರುತ್ತದೆ. ಹೊರಳಿದ ಎಲೆಯಲ್ಲಿ ಮೂಲೆ ಇಲ್ಲ, ಅಂಚು ಹೊರಗೆರೆಯಿಂದ ನಯವಾಗಿ ಬಿಟ್ಟುಕೊಂಡು ಒಳಗೆ ಸಾಗುತ್ತದೆ. ಸ್ವಲ್ಪ ಅಗಲ ಬಾಗಿನಲ್ಲೇ ಕಳೆದುಹೋಗುವುದರಿಂದ ಮಗುಚಿದ ತುಂಡು ಕನ್ನಡಿಯ ಲೆಕ್ಕಕ್ಕಿಂತ ಕಿರಿದಾಗಿ ಕಾಣುತ್ತದೆ.

ಗೆರೆಯ ತೂಕವೂ ಇಲ್ಲಿಂದಲೇ ಹುಟ್ಟಬೇಕು. ಮಗುಚಿದ ಅಂಚು ಎಲೆಯ ಮೇಲೆ ಕೂರುವ ಕಡೆ ಗೆರೆ ದಪ್ಪ. ಮಡಿಕೆಯ ಬೆನ್ನಿಗೆ ಬೆಳಕು ಬೀಳುವ ಕಡೆ ತೆಳು, ಬೇಕಾದರೆ ಅರ್ಧ ಇಂಚು ಕಡಿದೇಹೋಗಲಿ. ಕಡಿದ ಗೆರೆಯನ್ನು ನೋಡುವವರ ಕಣ್ಣು ಕೂಡಿಸಿಕೊಳ್ಳುತ್ತದೆ. ಅಂದಕ್ಕೆಂದು ಎಲ್ಲೆಂದರಲ್ಲಿ ದಪ್ಪ ತೆಳು ಮಾಡುವುದು ನನಗೆ ಬರೀ ಆಡಂಬರ ಎನಿಸುತ್ತದೆ.

ಸಂಯೋಜನೆಗೆ ಸೋಮನಾಥಪುರಕ್ಕೆ ಹೋಗಿಬನ್ನಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ ಕೇಶವ ದೇವಾಲಯದಲ್ಲಿ ಎಲ್ಲರೂ ಮೇಲಿನ ವಿಗ್ರಹಗಳನ್ನು ನೋಡುತ್ತಾರೆ. ನಮಗೆ ಬೇಕಾದ್ದು ಕೆಳಗಿನ ಪಟ್ಟಿಕೆಗಳಲ್ಲಿದೆ: ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ. ಬಳ್ಳಿಯ ದಂಟು ಏರಿ ಇಳಿದು ಓಡುತ್ತದೆ. ಪ್ರತಿ ಬಾಗಿನ ಹೊಟ್ಟೆಯೊಳಗೆ ಒಂದು ಕವಲು ಸುರುಳಿ ಸುತ್ತಿ ಆ ಜಾಗವನ್ನು ತುಂಬುತ್ತದೆ. ಒಂದು ಮೊಳ ಉದ್ದವನ್ನು ದಂಟು ಮಾತ್ರ ನಕಲು ಮಾಡಿ, ಎಲೆ ಬಿಟ್ಟುಬಿಡಿ. ಓಟ ದಂಟಿನಲ್ಲಿದೆ, ಎಲೆ ಅದಕ್ಕೆ ಒದಗಿ ಬರುತ್ತದೆ ಎಂಬುದು ಕೈಗೆ ತಿಳಿಯುತ್ತದೆ. ನಮ್ಮ ಹಾಳೆಯಲ್ಲಿ ಮಾತ್ರ ಎಲ್ಲ ಬಾಗನ್ನೂ ತುಂಬುವ ಅಗತ್ಯವಿಲ್ಲ. ಶಿಲ್ಪಿಗೆ ಪಟ್ಟಿಕೆ ಮುಗಿಯುವವರೆಗೆ ತುಂಬಬೇಕಿತ್ತು, ನಮಗೆ ಒಂದು ಬಾಗು ಖಾಲಿ ಬಿಟ್ಟರೆ ಹೂವಿಗೆ ಜಾಗ ಸಿಗುತ್ತದೆ.

ಎಲೆಗಳ ನಡುವಿನ ಖಾಲಿ ಜಾಗಗಳ ಆಕಾರವನ್ನು ಬರೆದರೆ ಎಲೆಗಳು ತಾವಾಗಿ ಸರಿಯಾಗುತ್ತವೆ ಎಂಬುದನ್ನು ತರಗತಿಯಲ್ಲಿ ಕೇಳಿದ್ದೀರಿ. ಅದಕ್ಕೆ ಸೇರಿಸುವುದು ಇಷ್ಟೇ: ಎರಡು ಖಾಲಿ ಜಾಗಗಳು ಒಂದೇ ಅಳತೆಯಲ್ಲಿದ್ದರೆ ಒಂದು ಎಲೆಯನ್ನು ಸರಿಸಿ.

ಹೂವಿಗೆ ಐದು ಎಸಳಿನ ಕೆಂಪು ದಾಸವಾಳ ಸಾಕು. ನಡುವಿನ ಕೇಸರದ ಕಂಬ ತೊಟ್ಟಿನದೇ ಮುಂದುವರಿಕೆ. ಎಸಳುಗಳನ್ನು ಬರೆಯುವ ಮೊದಲು ತೊಟ್ಟಿನಿಂದ ಕಂಬದ ತುದಿಯವರೆಗೆ ಒಂದೇ ಬಾಗುಗೆರೆಯನ್ನು ಹೂವಿನ ನಡುವೆ ಹಾಯಿಸಿ. ನಂತರ ಅದರ ಸುತ್ತ ಎಸಳುಗಳನ್ನು ಕೂರಿಸಿ. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆಯದರ ಅಡಿಗೆ ಹೋಗುತ್ತದೆ. ಐದಕ್ಕೂ ಒಂದೇ ಸುತ್ತು. ಬೆಳಿಗ್ಗೆ ಅರಳಿದ ಹೂವು ಸಂಜೆಗೆ ಮುದುಡಿಕೊಳ್ಳುತ್ತದೆ, ಹಾಗಾಗಿ ಹೂವನ್ನು ಮೊದಲು ಬರೆದು ಮುಗಿಸಿ. ಎಲೆಗಳು ನಾಳೆಯವರೆಗೂ ಕಾಯುತ್ತವೆ.