ಯೋಚನೆ ಮಾಡಿ ಮಾಡಿ ಫೈಬ್ರಾಯ್ಡ್ ಬರುತ್ತದಾ?

ಪ್ರಶ್ನೆ: ಮೇಡಂ, ನನಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ. ಒಂದು ವರ್ಷದಿಂದ ಸುಮ್ಸುಮ್ನೆ ಅಳು ಬರುತ್ತದೆ, ಸಿಟ್ಟೂ ಜಾಸ್ತಿ. "ನೀನು ಎಲ್ಲದಕ್ಕೂ ತಲೆ ಕೆಡಿಸಿಕೊಂಡಿದ್ದಕ್ಕೇ ಗಡ್ಡೆ ಬೆಳೆದಿದೆ, ಮನಸ್ಸು ಶಾಂತವಾಗಿಟ್ಟುಕೋ, ತಾನಾಗೇ ಕರಗುತ್ತೆ" ಅಂತಾರೆ ಮನೆಯಲ್ಲಿ. ನಿಜವಾ?

ಉತ್ತರ: ಇಲ್ಲಮ್ಮ, ನಿಜ ಅಲ್ಲ. ಇದೇ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಬರೆದಾಗಿದೆ. ಎರಡು ಸಾಲಿನ ಉತ್ತರದಿಂದ ಈ ನಂಬಿಕೆ ಅಲ್ಲಾಡುತ್ತಿಲ್ಲ. ಅದಕ್ಕೇ ಈ ಸಲ ಬುಡದಿಂದಲೇ ಹೇಳುತ್ತೇನೆ.

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಹುಟ್ಟುವ ಗಡ್ಡೆ. ಕ್ಯಾನ್ಸರ್ ಅಲ್ಲ. ಸ್ನಾಯುವಿನ ಒಂದೇ ಒಂದು ಜೀವಕೋಶದಲ್ಲಿ ಬದಲಾವಣೆ ಆಗುತ್ತದೆ, ಅದು ಎರಡಾಗಿ, ನಾಲ್ಕಾಗಿ ಗಡ್ಡೆ ಕಟ್ಟುತ್ತದೆ. ಸುಮಾರು 70 ಶೇಕಡಾ ಗಡ್ಡೆಗಳಲ್ಲಿ ಎಂಇಡಿ12 ಎಂಬ ಒಂದೇ ಜೀನ್ ಕೆಟ್ಟಿರುತ್ತದೆ ಎಂದು 2011ರಲ್ಲೇ ಗೊತ್ತಾಗಿದೆ. ಹಾಗೆ ಹುಟ್ಟಿದ ಗಡ್ಡೆಯನ್ನು ಬೆಳೆಸುವುದು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು. ಅದಕ್ಕೇ ಮೈನೆರೆಯುವ ಮೊದಲು ಇದು ಕಾಣುವುದಿಲ್ಲ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಅಮ್ಮನಿಗೋ ಅಕ್ಕನಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ.

ಈಗ ಒಂದು ವಿಷಯ ಗಮನಿಸಿ. ಒಂದೇ ಗರ್ಭಕೋಶದಲ್ಲಿ ನಾಲ್ಕೈದು ಗಡ್ಡೆ ಇರುವುದು ತೀರಾ ಸಾಮಾನ್ಯ. ಅವುಗಳಲ್ಲಿ ಒಂದು ಬೆಳೆಯುತ್ತಿರುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ, ಮತ್ತೊಂದು ಚಿಕ್ಕದಾಗುತ್ತಿರುತ್ತದೆ. ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿ ಅಳೆದು ನೋಡಿದ ಸಂಗತಿ ಇದು. ಆ ಎಲ್ಲ ಗಡ್ಡೆಗಳ ಒಡತಿ ಒಬ್ಬಳೇ, ಅವಳ ಚಿಂತೆಯೂ ಒಂದೇ ಅಲ್ವಾ? ಚಿಂತೆಯೇ ಗಡ್ಡೆ ಬೆಳೆಸುವುದಾದರೆ ಎಲ್ಲವೂ ಒಟ್ಟಿಗೇ ಬೆಳೆಯಬೇಕಿತ್ತು. ಹಾಗೆ ಆಗುವುದಿಲ್ಲ.

"ಧ್ಯಾನ ಮಾಡಿದೆ, ಕರಗಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕೆಲವು ಗಡ್ಡೆಗಳು ತಾವಾಗಿಯೇ ಕುಗ್ಗುತ್ತವೆ. ಅಷ್ಟರಲ್ಲಿ ಮುಟ್ಟು ನಿಲ್ಲುವ ವಯಸ್ಸೂ ಬಂದಿರುತ್ತದೆ. ಆ ಹೊತ್ತಿಗೆ ಏನು ಮಾಡುತ್ತಿದ್ದರೋ ಹೆಸರು ಅದಕ್ಕೆ ಹೋಗುತ್ತದೆ. ಧ್ಯಾನ ಬೇಡ ಅನ್ನುವುದಿಲ್ಲ. ಮನಸ್ಸಿಗೆ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಗಡ್ಡೆಗೆ ಅದು ಔಷಧಿ ಅಲ್ಲ, ಅಷ್ಟೇ.

ಒತ್ತಡ ಜಾಸ್ತಿ ಇರುವವರಲ್ಲಿ ಫೈಬ್ರಾಯ್ಡ್ ಜಾಸ್ತಿ ಕಂಡ ಅಧ್ಯಯನಗಳೂ ಇವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತ ಆಗುವುದಿಲ್ಲ. ತಿಂಗಳಿಗೆ ಎಂಟು ಹತ್ತು ದಿನ ರಕ್ತ ಹೋಗುತ್ತಿರುವ ಹೆಂಗಸಿಗೆ ಒತ್ತಡ ಇರದೆ ಇನ್ನೇನಿರುತ್ತದೆ? ಈ ನಂಬಿಕೆ ನನಗೆ ಬೇಜಾರು ತರಿಸುವುದು ಇದೇ ಕಾರಣಕ್ಕೆ. ಕಾಯಿಲೆಯ ಜೊತೆಗೆ ತಪ್ಪನ್ನೂ ಅವಳ ತಲೆಗೇ ಕಟ್ಟುತ್ತದೆ. "ನನ್ನಿಂದಲೇ ಆಯ್ತು" ಅಂತ ಕೊರಗುತ್ತಾ ಅವಳು ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡುತ್ತಾಳೆ.

ಹಾಗಾದರೆ ನಿಮಗೆ ಅಳು, ಸಿಟ್ಟು ಯಾಕೆ? ಮೊದಲು ನೋಡಬೇಕಾದದ್ದು ರಕ್ತ. ಗರ್ಭಕೋಶದ ಒಳಪದರಕ್ಕೆ ಚಾಚಿಕೊಂಡ ಗಡ್ಡೆ ಚಿಕ್ಕದಿದ್ದರೂ ವಿಪರೀತ ರಕ್ತಸ್ರಾವ ಮಾಡಿಸುತ್ತದೆ. ರಕ್ತದ ಜೊತೆ ಕಬ್ಬಿಣದ ಅಂಶವೂ ಹೋಗುತ್ತದೆ. ಮನಸ್ಸಿನ ಸ್ಥಿತಿ ನೋಡಿಕೊಳ್ಳುವ ಸೆರೊಟೋನಿನ್, ಡೋಪಮೈನ್ ಎಂಬ ರಾಸಾಯನಿಕಗಳನ್ನು ಮಿದುಳು ತಯಾರಿಸುವುದಕ್ಕೂ ಕಬ್ಬಿಣ ಬೇಕು. ಅದು ಕಮ್ಮಿಯಾದಾಗ ಸುಸ್ತು, ಮರೆವು, ಎದೆ ಡವಡವ, ಚಿಕ್ಕದಕ್ಕೂ ರೇಗುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎಲ್ಲ ಶುರುವಾಗುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದು 12ರ ಮೇಲಿದ್ದರೂ ನಿರಾಳವಾಗಬೇಡಿ, ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವುದು ಅದು, ಮತ್ತು ಮೊದಲು ಇಳಿಯುವುದೂ ಅದೇ. ಕಬ್ಬಿಣದ ಮಾತ್ರೆಯನ್ನು ಹಿಮೋಗ್ಲೋಬಿನ್ ಸರಿಯಾದ ತಕ್ಷಣ ಬಿಡಬಾರದು, ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ನುಂಗಬೇಕಾಗುತ್ತದೆ.

ಇನ್ನು ದಿನದಿನದ ಬದುಕು. ಹೊರಗೆ ಹೊರಡುವ ಮೊದಲು ಶೌಚಾಲಯ ಎಲ್ಲಿದೆ ಅಂತ ಯೋಚಿಸುವುದು, ಬಟ್ಟೆ ಕಲೆಯಾಗುವ ಭಯ, ಗಡ್ಡೆ ಮೂತ್ರಕೋಶವನ್ನು ಒತ್ತಿ ರಾತ್ರಿ ನಾಲ್ಕು ಸಲ ಏಳುವುದು, ಗಂಡನ ಜೊತೆ ಸೇರುವಾಗ ನೋವು, ಮಗು ಆಗುತ್ತದೋ ಇಲ್ಲವೋ ಎಂಬ ಆತಂಕ. ಹೊಟ್ಟೆ ಉಬ್ಬಿದ್ದನ್ನು ನೋಡಿ "ಎಷ್ಟು ತಿಂಗಳು?" ಅಂತ ಕೇಳುವವರು ಬೇರೆ. ಇದೆಲ್ಲ ವರ್ಷಗಟ್ಟಲೆ ನಡೆದರೆ ಎಂಥ ಗಟ್ಟಿ ಮನಸ್ಸೂ ಸೋಲುತ್ತದೆ. ಫೈಬ್ರಾಯ್ಡ್ ಇರುವವರಲ್ಲಿ ಖಿನ್ನತೆ, ಆತಂಕ ಎರಡೂ ಜಾಸ್ತಿ ಎಂದು ಅಧ್ಯಯನಗಳೂ ಹೇಳುತ್ತವೆ.

ಹಾಗಾಗಿ ರಕ್ತಸ್ರಾವದ ಲೆಕ್ಕ ಹೇಳುವಾಗಲೇ ಅಳು ಬರುವುದನ್ನೂ ಡಾಕ್ಟರಿಗೆ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಮನಸ್ಸು ಮುದುಡಿಕೊಂಡೇ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ನಿಮಗೆ ಒಂದು ವರ್ಷವೇ ಆಗಿದೆ. ಗಡ್ಡೆಯದು ಮುಗಿಯಲಿ, ಆಮೇಲೆ ನೋಡೋಣ ಅನ್ನಬೇಡಿ, ಎರಡೂ ಒಟ್ಟಿಗೇ ನಡೆಯಬಹುದು. ಸಾಯಬೇಕು ಅನ್ನಿಸುತ್ತಿದ್ದರೆ ಅವತ್ತೇ ಹತ್ತಿರದವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಥ ಮಾತು ಬಂದಾಗ "ಗರ್ಭಕೋಶ ತೆಗೆಸಿದರೆ ತಲೆ ಕೆಡುತ್ತದೆ" ಅಂತ ಒಬ್ಬರು, "ತೆಗೆಸಿಬಿಡು, ಎಲ್ಲ ಸರಿಹೋಗುತ್ತೆ" ಅಂತ ಇನ್ನೊಬ್ಬರು ಹೇಳಿಯೇ ಹೇಳುತ್ತಾರೆ. ಮುಟ್ಟಿನ ಹಾರ್ಮೋನು ಬರುವುದು ಅಂಡಾಶಯದಿಂದ, ಗರ್ಭಕೋಶದಿಂದ ಅಲ್ಲ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೆ ಹಾರ್ಮೋನು ಒಮ್ಮೆಲೇ ನಿಲ್ಲುವುದಿಲ್ಲ. ವರ್ಷಗಟ್ಟಲೆ ರಕ್ತಸ್ರಾವದಲ್ಲಿ ನರಳಿದ ಎಷ್ಟೋ ಜನರಿಗೆ ಆಮೇಲೆ ಮನಸ್ಸೂ ಹಗುರಾಗುತ್ತದೆ. ಆದರೆ ಮಗು ಬೇಕು ಎಂಬ ಆಸೆ ಇದ್ದವರಿಗೆ, ಮೊದಲೇ ಖಿನ್ನತೆ ಇದ್ದವರಿಗೆ ಆಮೇಲೆ ಕಷ್ಟವಾಗಬಹುದು. ಅದನ್ನು ಆಪರೇಷನ್‌ಗೆ ಮೊದಲೇ ಮಾತಾಡಿಕೊಳ್ಳಬೇಕು. ಎರಡೂ ಅಂಡಾಶಯ ತೆಗೆದರೆ ಕಥೆಯೇ ಬೇರೆ. ಮುಟ್ಟು ನಿಂತವರ ಮೈಬಿಸಿ, ನಿದ್ದೆಗೇಡು, ಮನಸ್ಸಿನ ಏರಿಳಿತ ಕೆಲವೇ ದಿನಗಳಲ್ಲಿ ಒಟ್ಟಿಗೆ ಬಂದು ಬೀಳಬಹುದು. ಆದ್ದರಿಂದ ಸಹಿ ಹಾಕುವ ಮೊದಲು "ನನ್ನ ಅಂಡಾಶಯ ಉಳಿಯುತ್ತದಾ? ತೆಗೆಯುವುದಾದರೆ ಯಾಕೆ? ಆಮೇಲೆ ನನಗೆ ಹಾರ್ಮೋನು ಕೊಡುತ್ತೀರಾ?" ಅಂತ ಕೇಳಿ, ಉತ್ತರ ಅರ್ಥವಾಗುವವರೆಗೆ ಕೇಳಿ. ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್, ಅದಕ್ಕೆ ಹೋಗುವ ರಕ್ತನಾಳ ಮುಚ್ಚುವ ವಿಧಾನ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನ, ಮಾತ್ರೆಗಳು, ಇವುಗಳಲ್ಲಿ ನಿಮಗೆ ಯಾವುದು ಆಗುತ್ತದೆ ಅಂತ ಕೇಳುವುದೂ ಅವತ್ತೇ.